ರಿವರೀನಾನೋ, ಡಾರ್ಲಿಂಗ್ ಡೌನ್ಸೋ?

ಆಸ್ಟ್ರೇಲಿಯಾದಲ್ಲಿ ಕೃಷಿ ಕೆಲಸ ಹುಡುಕುವವರಿಗೆ ಎರಡೂ ಗಟ್ಟಿ ಪ್ರದೇಶಗಳೇ.

ನ್ಯೂ ಸೌತ್ ವೇಲ್ಸ್‌ನ ರಿವರೀನಾಕ್ಕೆ 1912ರಿಂದ ಮರಂಬಿಜಿ ನದಿಯ ಕಾಲುವೆ ನೀರಿದೆ. ಭತ್ತ, ದ್ರಾಕ್ಷಿ, ಕಿತ್ತಳೆ, ಹತ್ತಿ ಎಲ್ಲಾ ಬೆಳೆಯುತ್ತಾರೆ. ಗ್ರಿಫಿತ್‌ನಲ್ಲಿ ವೈನರಿಗಳು, ಲೀಟನ್‌ನಲ್ಲಿ ಅಕ್ಕಿ ಗಿರಣಿ. ಬೆಳೆದದ್ದು ಅಲ್ಲೇ ಸರಕಾಗುತ್ತದೆ, ಆ ದುಡ್ಡೂ ಊರಲ್ಲೇ ಓಡಾಡುತ್ತದೆ. ಆದರೆ ನೀರಿನ ಪಾಲು ಕಡಿತವಾದರೆ ಭತ್ತಕ್ಕೆ ಜೋರು ಪೆಟ್ಟು. 2008ರಲ್ಲಿ ದೇಶದ ಭತ್ತದ ಉತ್ಪಾದನೆ ಸುಮಾರು 18,000 ಟನ್‌ಗೆ ಕುಸಿದಿತ್ತು. ಆಗ ರಿವರೀನಾದ ಡೆನಿಲಿಕ್ವಿನ್ ಊರಿನ ಅಕ್ಕಿ ಗಿರಣಿ ಬಾಗಿಲು ಹಾಕಿತ್ತು.

ಕ್ವೀನ್ಸ್‌ಲ್ಯಾಂಡ್‌ನ ಡಾರ್ಲಿಂಗ್ ಡೌನ್ಸ್‌ನಲ್ಲಿ ಎರೆಮಣ್ಣು. ಬೆಳೆಯೂ ಜೋಳ, ಹತ್ತಿ. ನಮ್ಮ ವಿಜಯಪುರದ ಕಡೆಯವರಿಗೆ ಪರಿಚಯದ್ದೇ, ಅಲ್ವಾ? ಆದರೆ ಅಲ್ಲಿನ ಜೋಳದಲ್ಲಿ ಬಹಳಷ್ಟು ದನ ಕೊಬ್ಬಿಸುವ ಫೀಡ್‌ಲಾಟ್‌ಗೆ ಹೋಗುತ್ತದೆ.

ಹಣ್ಣು ಕೊಯ್ಲಿಗೆ ರಿವರೀನಾ ಸರಿ. ವರ್ಷಪೂರ್ತಿ ಕೆಲಸ ಬೇಕಾದರೆ ನಾನು ಡೌನ್ಸನ್ನೇ ಹೇಳುತ್ತೇನೆ. ಅಲ್ಲಿ ದನಕ್ಕೆ ದಿನವೂ ಮೇವು ಹಾಕಲೇಬೇಕು.