ಅಂಗಡಿ ಅಜ್ಜನ ಮೂಲ ಹುಡುಕಲು ಸಬ್‌ರಿಜಿಸ್ಟ್ರಾರ್ ಕಚೇರಿ: ಕೊಟ್ಟ ಕಾಸಿಗೆ ಮೋಸವಿಲ್ಲ, ತಾಳ್ಮೆ ಇರಬೇಕು

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಉಡುಪಿ ಕಡೆಯ ಹಳ್ಳಿಯಲ್ಲಿ ಜಿನಸಿ ಅಂಗಡಿ ಇಟ್ಟಿದ್ದ ಹಿರಿಯರ ಮೂಲ ಹುಡುಕುವವರು ಮೊದಲು ತೆರೆಯುವುದು ಫ್ಯಾಮಿಲಿಸರ್ಚ್‌ನಂಥ ವೆಬ್‌ಸೈಟನ್ನು. ಅದು ಉಚಿತ, ಒಳ್ಳೆಯದೂ ಹೌದು, ಆದರೆ ನಮಗಲ್ಲ. ಇಂಗ್ಲೆಂಡಿನ ಹಳ್ಳಿ ಅಂಗಡಿಯವನಿಗಾದರೆ 1837ರ ಜುಲೈ 1ರಿಂದ ಜನನ ಮರಣ ನೋಂದಣಿ ಇದೆ, 1841ರಿಂದ ಹತ್ತು ವರ್ಷಕ್ಕೊಮ್ಮೆ ಮನೆಮಂದಿಯ ಹೆಸರಿರುವ ಗಣತಿ ಹಾಳೆ ಇದೆ, 1851ರ ಹಾಳೆಯಲ್ಲಿ ಹುಟ್ಟೂರೂ ಸಿಗುತ್ತದೆ. ನಮ್ಮಲ್ಲಿ 1871ರಿಂದ ಗಣತಿ ನಡೆದರೂ ಉಳಿದದ್ದು ಒಟ್ಟು ಲೆಕ್ಕ, ಹೆಸರುಗಳಲ್ಲ. ಆ ತಾಣದ ಹಿಂದೂ ಯಾತ್ರಿಕರ ಸಂಗ್ರಹವೂ ಹರಿದ್ವಾರದಂಥ ಉತ್ತರದ ಕ್ಷೇತ್ರಗಳ ಪಂಡಾಗಳದ್ದು, ಅಂದರೆ ಅಲ್ಲಿನ ತೀರ್ಥಪುರೋಹಿತರದ್ದು. ನಮ್ಮ ಕರಾವಳಿಯ ಅಂಗಡಿಯವರು ಅದರಲ್ಲಿ ಸಿಕ್ಕಾರು ಎಂದು ರಾತ್ರಿ ನಿದ್ದೆ ಕೆಡುವುದು ಬೇಡ.

ನಮ್ಮ ಕಡೆ ಅಂಗಡಿಯವರ ಗುರುತು ಉಳಿದಿರುವುದು ಜಾಗದಲ್ಲಿ ಮತ್ತು ಸಾಲದಲ್ಲಿ. ಅಂಗಡಿ ಬಾಕಿಗೆ ಗದ್ದೆ ಅಡವು ಬಂತು, ಬಾಕಿ ತೀರದಾಗ ಅದೇ ಗದ್ದೆ ಕ್ರಯಕ್ಕೆ ಸಿಕ್ಕಿತು, ಅಂಗಡಿ ಕಟ್ಟಿದ ಜಾಗ ಮೂಲಗೇಣಿಗೆ, ಅಂದರೆ ಕಾಯಂ ಗೇಣಿಗೆ ಬಂತು. 1864ರ ನೋಂದಣಿ ಕಾಯ್ದೆ ಬಂದ ಮೇಲೆ ಇಂಥ ಪತ್ರಗಳು ಸರಕಾರಿ ಪುಸ್ತಕ ಸೇರತೊಡಗಿದವು. ಅದಕ್ಕೇ ಇಲ್ಲಿ ತೂಗಿ ನೋಡುತ್ತಿರುವುದು ಸಬ್‌ರಿಜಿಸ್ಟ್ರಾರ್ ಕಚೇರಿಯ ಹುಡುಕಾಟ ಮತ್ತು ದೃಢೀಕೃತ ನಕಲಿನ ಸೇವೆಯನ್ನು. ಹೆಸರು ಹಿಡಿದು ಹೋದವರು ಹೆಚ್ಚಾಗಿ ಬರಿಗೈಲಿ ಬರುತ್ತಾರೆ, ಜಾಗ ಹಿಡಿದು ಹೋದವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಕುಳಿತು ಸಮಯ ಕಳೆಯಬೇಡಿ. ಅಲ್ಲಿನ ಇಸಿ (ಜಾಗದ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ) 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಹೋಗುವ ಮೊದಲು ಮನೆಯ ಪೆಟ್ಟಿಗೆಯಲ್ಲಿರುವ ಅತಿ ಹಳೆಯ ಪತ್ರ ತೆಗೆದು ಹಿಂಬದಿಯ ಷರಾ ಓದಿ. ಪುಸ್ತಕದ ಸಂಖ್ಯೆ, ಸಂಪುಟ, ಪುಟ, ಪತ್ರದ ನಂಬರು ಮತ್ತು ಇಸವಿ ಅಲ್ಲಿರುತ್ತವೆ. ಇಷ್ಟನ್ನು ಅರ್ಜಿಯಲ್ಲಿ ಬರೆದರೆ ಹುಡುಕುವ ಕೆಲಸವೇ ಉಳಿಯುವುದಿಲ್ಲ, ನೇರ ನಕಲು. ಆ ನಕಲಿನ ಒಕ್ಕಣೆಯಲ್ಲಿ ಜಾಗ ತಮಗೆ ಹೇಗೆ ಬಂತು ಎಂದು ಹಿಂದಿನ ಪತ್ರದ ಉಲ್ಲೇಖ ಇರುತ್ತದೆ. ಅದನ್ನು ಹಿಡಿದು ಇನ್ನೊಂದು ಅರ್ಜಿ. ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ.

ಮನೆಯಲ್ಲಿ ಪತ್ರವೇ ಇಲ್ಲದಿದ್ದರೆ ಪಹಣಿಯಿಂದ ಶುರು ಮಾಡಿ. ಭೂಸುಧಾರಣೆಯಲ್ಲಿ ಗೇಣಿದಾರರ ಪಾಲಾದ, ನಮ್ಮ ಕಡೆ ‘ಡಿಕ್ಲರೇಶನ್‌ನಲ್ಲಿ ಹೋದ’ ಎನ್ನುವ ಜಾಗವಾದರೆ ಸರಪಳಿ 1974ರಲ್ಲಿ ಕಡಿದಂತೆ ಕಾಣುತ್ತದೆ. ಆದರೆ ಭೂನ್ಯಾಯ ಮಂಡಳಿಯ ಫಾರಂ 7ರ, ಅಂದರೆ ಗೇಣಿದಾರರ ಅರ್ಜಿಯ, ಕಡತದಲ್ಲಿ ಧಣಿಯ ಹೆಸರು ಇರುತ್ತದೆ, ಅಲ್ಲಿಂದ ಗಂಟು ಹಾಕಿಕೊಳ್ಳಬಹುದು. ಸರ್ವೆ ನಂಬರು ಬರುವ ಮೊದಲಿನ ಪತ್ರಗಳಲ್ಲಿ ವರ್ಗದ (ಕಂದಾಯ ಲೆಕ್ಕದ ಹಿಡುವಳಿಯ) ಹೆಸರು ಮತ್ತು ಚೆಕ್ಕುಬಂದಿ ಮಾತ್ರ. ಪೂರ್ವಕ್ಕೆ ತೋಡು, ಪಡುವಣಕ್ಕೆ ಇಂಥವರ ಬೈಲು ಎಂಬ ಗುರುತನ್ನು ಈಗಿನ ನಕ್ಷೆಗೆ ಹೊಂದಿಸಲು ಊರಿನ ಹಿರಿಯರೊಬ್ಬರು ಜೊತೆಗಿರಬೇಕು.

ಇನ್ನು ಸೂಚಿ ಪುಸ್ತಕ, ಅಂದರೆ ಇಂಡೆಕ್ಸ್. ಒಂದನೆಯದು ಹೆಸರಿನದು, ಎರಡನೆಯದು ಆಸ್ತಿಯದು. ಎರಡನೆಯದನ್ನೇ ಕೇಳಿ, ಗ್ರಾಮದ ಹೆಸರು ಹೇಳಿ. ಒಂದನೆಯದರಲ್ಲಿ ವೆಂಕಟೇಶ ಯೆಂಕಟೇಶನಾಗಿ, ವಾಸುದೇವ ಬಾಸುದೇವನಾಗಿ, ಶೆಣೈ ಶ್ಯಾನುಭಾಗನಾಗಿ ಬೇರೆ ಕಡೆ ಕುಳಿತಿರುವುದುಂಟು. ಇನ್ನೊಂದು ಕೊರತೆ ಹೆಚ್ಚು ಕಾಡುವಂಥದ್ದು: ಪತ್ರ ಬರೆದುಕೊಟ್ಟವರು, ಬರೆಸಿಕೊಂಡವರು ಮಾತ್ರ ಸೂಚಿಯಲ್ಲಿ ಬರುತ್ತಾರೆ, ಸಾಕ್ಷಿಗಳಲ್ಲ. ಓದುಬರಹ ಬಲ್ಲ ಅಂಗಡಿಯವರನ್ನು ಸಾಕ್ಷಿಗೆ ಕರೆಯುವುದು ಸಹಜವಾಗಿತ್ತು, ಹಾಗಾಗಿ ನೆರೆಯ ಜಾಗಗಳ ಪತ್ರದ ಕೊನೆಯ ಪುಟವನ್ನೂ ನೋಡಬೇಕು.

ಜಾಗದ ಪತ್ರಗಳು 1ನೇ ಪುಸ್ತಕದಲ್ಲಿ. ಅದು ಶುಲ್ಕ ಕಟ್ಟಿದ ಯಾರಿಗೂ ಮುಕ್ತ. ಮರಣಶಾಸನ 3ನೇ ಪುಸ್ತಕದಲ್ಲಿ. ಬರೆದವರು ತೀರಿಹೋದ ಮೇಲೆ ಅದರ ನಕಲನ್ನು ಯಾರು ಬೇಕಾದರೂ ಕೇಳಬಹುದು. ಕೌಂಟರಿನಲ್ಲಿ ಆಗುವುದಿಲ್ಲ ಎಂದರೆ ನೋಂದಣಿ ಕಾಯ್ದೆಯ 57ನೇ ಕಲಂ ತೋರಿಸಿ. ಜಾಗಕ್ಕೆ ಸಂಬಂಧಿಸದ ಸಾಲಪತ್ರಗಳಂಥವು 4ನೇ ಪುಸ್ತಕದಲ್ಲಿ. ಅವು ಪತ್ರದಲ್ಲಿದ್ದವರಿಗೆ ಅಥವಾ ಅವರ ಪ್ರತಿನಿಧಿಗಳಿಗೆ ಮಾತ್ರ, ಆದ್ದರಿಂದ ವಾರಸುದಾರರೆನ್ನಲು ಕಾಗದ ಒಯ್ಯಿರಿ. 3 ಮತ್ತು 4ರಲ್ಲಿ ಹುಡುಕುವುದು ಅಧಿಕಾರಿಯೇ, ನಿಮ್ಮ ಕೈಗೆ ಪುಸ್ತಕ ಕೊಡುವುದಿಲ್ಲ.

ಸಿಗದ್ದೂ ಬಹಳ. ಬಾಯಿಮಾತಿನ ಚಾಲಗೇಣಿ (ಕಾಯಂ ಅಲ್ಲದ ಗೇಣಿ), ನೂರು ರೂಪಾಯಿ ಒಳಗಿನ ಸಣ್ಣ ವ್ಯವಹಾರ, ಇವಕ್ಕೆ ಪತ್ರವೇ ಆಗದೆ ಹೋಗಿರಬಹುದು. ಮಂಜೇಶ್ವರ, ಕುಂಬಳೆ ಕಡೆಯ ಅಂಗಡಿಯಾದರೆ 1956ರ ನವೆಂಬರ್ 1ರ ಮೇಲೆ ಅದು ಕೇರಳ, ಅರ್ಜಿಯೂ ಅಲ್ಲಿಗೇ. 1890ರ ದಶಕದಲ್ಲಿ ದಕ್ಷಿಣ ಕನ್ನಡಕ್ಕೆ ಇದ್ದದ್ದು ಕುಂದಾಪುರ, ಉಡುಪಿ, ಮಂಗಳೂರು, ಉಪ್ಪಿನಂಗಡಿ, ಕಾಸರಗೋಡು ಎಂಬ ಐದೇ ತಾಲೂಕು. ಈಗಿನ ತಾಲೂಕಿನ ಹೆಸರು ಹೇಳಿದರೆ ಹಳೇ ಪುಸ್ತಕ ತಪ್ಪಿಹೋದೀತು.

ನಕಲು ಕೈಗೆ ಬಂದ ಮೇಲೆ ಓದುವ ಪಾಡು ಬೇರೆ. ಕೈಬರಹದಲ್ಲಿ ಎತ್ತಿ ಬರೆದ ನಕಲಿಗಿಂತ ಮೂಲ ಪುಟದ ಜೆರಾಕ್ಸ್ ಕೇಳಿ. ಕೂಡಿಸಿ ಬರೆಯುವ ಮೋಡಿ ಬರಹದಲ್ಲಿ ೬ ಮತ್ತು ೯ ಅದಲುಬದಲಾದರೆ ಇಸವಿಯೇ ಕೆಟ್ಟಿತು. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬದ ಪತ್ರದಲ್ಲಿ ‘ಅಳಿಯ’ ಎಂದರೆ ಮಗಳ ಗಂಡನಲ್ಲ, ಅಕ್ಕತಂಗಿಯ ಮಗ. ಈ ಒಂದು ಪದದಿಂದ ಇಡೀ ವಂಶವೃಕ್ಷ ಬೇರೆ ಮನೆಗೆ ಹೋದದ್ದುಂಟು. ತಂದೆಯ ಕಡೆಯಿಂದ ವಂಶ ಎಣಿಸುವ ಮಕ್ಕಳಕಟ್ಟಿನ ಕೊಂಕಣಿ ಅಂಗಡಿ ಮನೆತನಗಳಲ್ಲಿ ಈ ತೊಡಕಿಲ್ಲ.

ಅಂಗಡಿಯ ಕಿರ್ದಿ, ಖಾತೆ ಪುಸ್ತಕ ಉಳಿದಿದ್ದರೆ ಅದನ್ನು ಪತ್ರದ ಜೊತೆ ಇಟ್ಟು ಓದಿ. ಮೊತ್ತದ ಪಕ್ಕದ ಒಂದು ನೆಟ್ಟ ಗೀಟು ನಾಲ್ಕಾಣೆ, ಎರಡು ಎಂಟಾಣೆ, ಮೂರು ಹನ್ನೆರಡಾಣೆ. ಅದನ್ನು ಅಂಕಿಯೊಂದಿಗೆ ಸೇರಿಸಿ ಓದಿದರೆ ಐದೂವರೆ ರೂಪಾಯಿ ಐನೂರ ಹನ್ನೊಂದಾಗುತ್ತದೆ. ಬರೇ ಸಂವತ್ಸರ ಬರೆದಿದ್ದರೆ ಅರವತ್ತು ವರ್ಷದ ಗೊಂದಲ: ಪ್ರಭವ ಎಂದರೆ 1867-68ಕ್ಕೂ ಸರಿ, 1927-28ಕ್ಕೂ ಸರಿ. ಪುಸ್ತಕದಲ್ಲಿ ಪಗ್ಗು, ಬೇಶ ಎಂಬ ತುಳು ತಿಂಗಳಿದ್ದರೆ ಸೌರಮಾನ, ಚೈತ್ರ, ವೈಶಾಖ ಎಂದಿದ್ದರೆ ಸಾಮಾನ್ಯವಾಗಿ ಚಾಂದ್ರಮಾನ. ಯುಗಾದಿಗೂ ಸೌರ ಹೊಸವರ್ಷವಾದ ಬಿಸುವಿಗೂ ನಡುವಿನ ದಿನಗಳಲ್ಲಿ ವರ್ಷವೇ ಬೇರೆಯಾಗಬಹುದು.

ಹಿರಿಯರು ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನ್ನಿನ ಸಭೆಗೆ ಸೇರಿದವರಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹವನ್ನೇ ಮೊದಲು ನೋಡಿ, ಜಾಗದ ಪತ್ರ ಆಮೇಲೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಸಂಗ್ರಹದ ಚಿತ್ರಗಳು ಮನೆಯಲ್ಲೇ ಆನ್‌ಲೈನ್‌ನಲ್ಲಿ ನೋಡಲು ಸಿಗುತ್ತವೆ. ಪಾದ್ರಿಗಳ ವರದಿಗಳು ಮಾತ್ರ ಹಳೆಯ ಜರ್ಮನ್ ಕೈಬರಹದಲ್ಲಿವೆ. ಭಾಷೆ ಬಲ್ಲವರಿಗೂ ಆ ಅಕ್ಷರ ಸುಲಭಕ್ಕೆ ಬಗ್ಗುವುದಿಲ್ಲ.