ತಲೆಸುತ್ತಿನ ಕ್ಲಿನಿಕ್: ಯಂತ್ರಕ್ಕಿಂತ ಪ್ರಶ್ನೆಗಳೇ ಮೇಲು

ಪದೇ ಪದೇ ತಲೆಸುತ್ತು ಬರುತ್ತಿದ್ದ ಅಕ್ಕನನ್ನು ಮಂಗಳೂರಿನ ಕಂಕನಾಡಿ ಕಡೆಯ, ಈ ತೊಂದರೆಯನ್ನಷ್ಟೇ ನೋಡುವ ಕ್ಲಿನಿಕ್ಕೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಅದುವರೆಗೆ ಪಿತ್ತ, ಗ್ಯಾಸ್, ಕುತ್ತಿಗೆ ಸವೆತ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದ್ದರು; ತಲೆಸುತ್ತು, ವಾಕರಿಕೆಗೆ ಕೊಡುವ ಸ್ಟೆಮೆಟಿಲ್ ಮಾತ್ರೆ ಅವಳ ಪರ್ಸಿನಲ್ಲಿ ಕಾಯಂ ಆಗಿತ್ತು.

ಹೊರಗಿನ ಫಲಕದಲ್ಲಿ ಯಂತ್ರಗಳದ್ದೇ ಜಾಹೀರಾತು. ಆದರೆ ನಾನು ಮೆಚ್ಚಿದ್ದು ವೈದ್ಯರು ಪ್ರಶ್ನೆ ಕೇಳುವ ಕ್ರಮವನ್ನು. ಸುತ್ತು ಎಷ್ಟು ಹೊತ್ತು ಇರುತ್ತದೆ, ಮಗ್ಗುಲು ಬದಲಿಸಿದಾಗ ಮಾತ್ರ ಬರುತ್ತದೆಯೋ ಸುಮ್ಮನೆ ಕೂತಾಗಲೂ ಬರುತ್ತದೆಯೋ, ಆಗ ಕಿವಿ ಕಟ್ಟಿದಂತಾಗಿ ಗುಂಯ್ ಎನ್ನುತ್ತದೆಯೋ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲವೋ ಎಂದು ಒಂದೊಂದನ್ನೇ ಬಿಡಿಸಿ ಕೇಳಿದರು. ಮಗ್ಗುಲು ಬದಲಿಸಿದಾಗ ಬಂದು ನಿಮಿಷದೊಳಗೆ ಇಳಿಯುವ ಸುತ್ತು ಸಾಮಾನ್ಯವಾಗಿ ಒಳಕಿವಿಯ ಹರಳು ಜಾರಿದ್ದರಿಂದ ಬರುತ್ತದೆ. 20 ನಿಮಿಷದಿಂದ 12 ಗಂಟೆಯವರೆಗೆ ಇದ್ದು, ಜೊತೆಗೆ ಒಂದು ಕಿವಿ ಕೇಳಿಸುವುದು ಹೆಚ್ಚುಕಡಿಮೆಯಾಗುತ್ತಿದ್ದರೆ ಮೆನಿಯರ್ ಎಂಬ ಒಳಕಿವಿಯ ಕಾಯಿಲೆಯ ಅನುಮಾನ. ಮೈಗ್ರೇನಿನ, ಅಂದರೆ ಅರೆತಲೆನೋವಿನ, ಸುತ್ತಿಗೆ 2012ರಲ್ಲಿ ತಲೆಸುತ್ತಿನ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ ಒಪ್ಪಿಕೊಂಡ ಮಾನದಂಡದ ಪ್ರಕಾರ ಅದು 5 ನಿಮಿಷದಿಂದ 72 ಗಂಟೆಯವರೆಗೆ ಇರಬಹುದು, ಪ್ರತಿ ಸಲವೂ ತಲೆನೋವು ಇರಲೇಬೇಕೆಂದಿಲ್ಲ. ಅಕ್ಕನಿಗೆ ಕಾಲೇಜಿನ ದಿನಗಳಲ್ಲಿ ಅರೆತಲೆನೋವು ಇತ್ತೇ ಎಂದು ಕೇಳಿದ ಮೊದಲ ವೈದ್ಯರು ಇವರೇ.

ಬಳಿಕ ಅವಳನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಒಂದು ಬದಿಗೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ, ಕ್ಯಾಮೆರಾ ಇರುವ ಕನ್ನಡಕದ ಮೂಲಕ ಕಣ್ಣುಗುಡ್ಡೆ ಅದುರುತ್ತದೆಯೇ ಎಂದು ಪರದೆಯಲ್ಲಿ ನೋಡಿದರು, ಅದುರಲಿಲ್ಲ; ಅಂದರೆ ಹರಳು ಜಾರಿದ ಲಕ್ಷಣ ಕಾಣಲಿಲ್ಲ. ಮೆನಿಯರ್‌ನಲ್ಲಿ ಮೊದಲು ಕುಗ್ಗುವ ಕೆಳಸ್ಥಾಯಿಯ ಸದ್ದುಗಳೂ ಶ್ರವಣ ಪರೀಕ್ಷೆಯಲ್ಲಿ ಸರಿಯಾಗಿಯೇ ಕೇಳಿಸಿದವು. ಮೈಗ್ರೇನ್ ಎಂದು ಹೇಳಿದರೂ, ಮೈಗ್ರೇನ್, ಮೆನಿಯರ್ ಎರಡೂ ಒಬ್ಬರಲ್ಲೇ ಇರಬಹುದಾದ್ದರಿಂದ ಶ್ರವಣ ಪರೀಕ್ಷೆಯನ್ನು ಮುಂದೆ ಮತ್ತೊಮ್ಮೆ ಮಾಡಿಸಬೇಕೆಂದರು. ಒಣಮೀನು ಬಿಡಬೇಕೇ ಎಂಬುದು ಅಕ್ಕನ ದೊಡ್ಡ ಚಿಂತೆ. "ಉಪ್ಪಿನ ಕಟ್ಟುನಿಟ್ಟು ಮೆನಿಯರ್‌ನವರಿಗೆ, ನೀವು ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಮಾಡಿ, ಸುತ್ತು ಬಂದ ದಿನಗಳನ್ನು ಬರೆದಿಡಿ" ಎಂದರು.

ಕೊರತೆಗಳೂ ಇವೆ. ತಲೆ ತಿರುಗುವವರು ಲಿಫ್ಟಿಲ್ಲದ ಮಹಡಿ ಹತ್ತಬೇಕು. ಬೆಳಕು, ಸದ್ದು ಆಗದವರು ಕಾಯುವ ಕೋಣೆಯಲ್ಲಿ ಟಿವಿ ಜೋರಾಗಿ ಹಾಕಿರುತ್ತಾರೆ. ವರದಿಯನ್ನು ಕನ್ನಡದಲ್ಲಿ ವಿವರಿಸಿದರೂ ಕೈಗೆ ಕೊಡುವುದು ಇಂಗ್ಲಿಷಿನಲ್ಲಿ ಮಾತ್ರ. ಇನ್ನು, ಸುತ್ತಿನ ಜೊತೆಗೆ ಮಾತು ತೊದಲಿದರೆ, ಎರಡೆರಡಾಗಿ ಕಂಡರೆ ಅಥವಾ ಕೈಕಾಲಿನ ಬಲ ಹೋದರೆ ಇಲ್ಲಿಯ ಅಪಾಯಿಂಟ್‌ಮೆಂಟಿಗಾಗಿ ಕಾಯದೆ ನೇರವಾಗಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.