ಮನೆಯಲ್ಲೇ ಮುದ್ದು ಕೃಷ್ಣನ ಫೋಟೋ ತೆಗೆಯುವವರೇ, ಮೊದಲು ಲೈಟ್ ಸ್ಟ್ಯಾಂಡ್ ನೋಡಿಕೊಳ್ಳಿ

ಹೋದ ವರ್ಷ ಕೃಷ್ಣಾಷ್ಟಮಿಗೆ ನಾಲ್ಕು ದಿನ ಮುಂಚೆ ನಡೆದದ್ದು. ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಸ್ಟುಡಿಯೊ. 10 ಅಡಿಗೆ 11 ಅಡಿ, ಅಷ್ಟೇ. ಪಕ್ಕದ ಬೀದಿಯವರೊಬ್ಬರು ಮೂರು ವರ್ಷದ ಮಗನಿಗೆ ಕೃಷ್ಣನ ವೇಷ ಹಾಕಿಸಿ ಕರೆತಂದಿದ್ದರು. ಬಾಡಿಗೆಗೆ ತಂದ ಹಳದಿ ಕಚ್ಚೆ, ಉತ್ತರೀಯ, ಕಿರೀಟ, ನವಿಲುಗರಿ, ಕೊಳಲು. ಮಡಕೆಯಲ್ಲಿ ಬೆಣ್ಣೆ ಬದಲು ಹತ್ತಿ. ನಿಜವಾದ ಬೆಣ್ಣೆ ಇಟ್ಟರೆ ಎರಡೇ ನಿಮಿಷಕ್ಕೆ ವೇಷವೆಲ್ಲ ಜಿಡ್ಡು, ಅಂಗಡಿಯವರು ಡೆಪಾಸಿಟ್ ವಾಪಸ್ ಕೊಡಲ್ಲ.

ಮಗುವನ್ನು ಪರದೆಯಿಂದ ನಾಲ್ಕಡಿ ಮುಂದೆ ಕೂರಿಸಿದರೆ ಹಿಂದೆ ನೆರಳು ಬೀಳಲ್ಲ. ಆದರೆ ಆಮೇಲೆ ನನಗೇ ನಿಲ್ಲೋಕೆ ಜಾಗ ಇಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಲೈಟ್ ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಅಗಲಿಸದೆ, ಅರ್ಧ ಮಡಚಿ ಗೋಡೆ ಪಕ್ಕ ಒತ್ತರಿಸಿದ್ದೆ. ತುದಿಯಲ್ಲಿ ಫ್ಲ್ಯಾಶ್, ಅದರ ಮುಂದೆ ಬೆಳಕನ್ನು ಮೃದು ಮಾಡುವ ಮೂರಡಿಯ ಬಟ್ಟೆ ಪೆಟ್ಟಿಗೆ, ಅಂದರೆ ಸಾಫ್ಟ್‌ಬಾಕ್ಸ್, ಅದೂ ಮಗುವಿನ ಕಡೆ ಬಾಗಿಸಿ. ಭಾರವೆಲ್ಲ ಮೇಲೆ, ಬುಡದಲ್ಲಿ ಏನೂ ಇಲ್ಲ. ವೈರ್ ನೆಲದ ಮೇಲೆ ಹಾಗೇ ಬಿದ್ದಿತ್ತು. ಎರಡು ವರ್ಷದಿಂದ ಹೀಗೇ ತೆಗೆಯುತ್ತಿದ್ದೆ, ಏನೂ ಆಗಿರಲಿಲ್ಲವಲ್ಲ!

ಹುಡುಗನಿಗೆ ಕಿರೀಟ ಚುಚ್ಚಿತು. ಕಿತ್ತೆಸೆದು ಅಮ್ಮನ ಕಡೆ ಓಡಿದ. ಉತ್ತರೀಯದ ತುದಿಯ ಗೊಂಡೆ ವೈರಿಗೆ ಸಿಕ್ಕಿಕೊಂಡಿತು. ಸ್ಟ್ಯಾಂಡ್ ವಾಲುವುದು ಕಣ್ಣಿಗೆ ಕಂಡಿತು, ಕೈಯಲ್ಲಿ ಕ್ಯಾಮೆರಾ ಇತ್ತು, ಹಿಡಿಯೋಕೆ ಆಗಲಿಲ್ಲ. ಅವನು ಆಗಷ್ಟೇ ಎದ್ದ ಮಣೆಯ ಮೇಲೇ ಬಿತ್ತು. ಒಳಗಿದ್ದ 150 ವ್ಯಾಟಿನ ಮಾಡೆಲಿಂಗ್ ಲ್ಯಾಂಪ್ (ಬೆಳಕು ಎಲ್ಲಿ ಬೀಳುತ್ತದೆ ಅಂತ ನೋಡಿಕೊಳ್ಳೋಕೆ ಫ್ಲ್ಯಾಶಿನಲ್ಲೇ ಇರುವ ಬಲ್ಬ್) ಮುಕ್ಕಾಲು ಗಂಟೆಯಿಂದ ಉರಿಯುತ್ತಿತ್ತು. ಬಲ್ಬ್ ಒಡೆದು, ಸಾಫ್ಟ್‌ಬಾಕ್ಸಿನ ಬಟ್ಟೆ ಹರಿದು, ಕಾದ ಗಾಜಿನ ಚೂರುಗಳು ಮಡಕೆಯ ಹತ್ತಿಯೊಳಗೆ. ಹತ್ತಿ ಕಂದಿಹೋಗಿ ಸುಟ್ಟ ವಾಸನೆ ಬಂತು.

"ಅಣ್ಣ, ಇವತ್ತಿಗೆ ಸಾಕು ಬಿಡಿ" ಅಂದರು ಅವನಮ್ಮ. ಬೈದಿದ್ದರೇ ಚೆನ್ನಾಗಿತ್ತು.

ಈಗ ಸ್ಟ್ಯಾಂಡಿನ ಕಾಲು ಪೂರ್ತಿ ಅಗಲಿಸುತ್ತೇನೆ. ಸಾಫ್ಟ್‌ಬಾಕ್ಸ್ ಯಾವ ಕಡೆ ಚಾಚಿದೆಯೋ ಆ ಕಡೆಗೇ ಒಂದು ಕಾಲು ಬರಬೇಕು. ಬುಡದಲ್ಲಿ 5 ಕೆಜಿ ಅಕ್ಕಿಯ ಬಟ್ಟೆ ಚೀಲ. ದುಡ್ಡು ಕೊಟ್ಟು ಮರಳು ಚೀಲವೇ ತರಬೇಕಿಲ್ಲ. ವೈರನ್ನು ಗೋಡೆಗುಂಟ ಟೇಪ್ ಹಾಕಿ ಅಂಟಿಸುತ್ತೇನೆ. ಬಿಸಿಯಾಗುವ ಬಲ್ಬ್ ಬದಲು ಎಲ್‌ಇಡಿ. ಕಾಲು ಅಗಲಿಸೋಕೆ ಜಾಗವೇ ಇಲ್ಲ ಅಂದರೆ ಲೈಟ್ ಬೇಡವೇ ಬೇಡ. ಕಿಟಕಿ ಬೆಳಕು, ಎದುರಿಗೊಂದು ಬಿಳಿ ಥರ್ಮಾಕೋಲ್ ಶೀಟ್ ಸಾಕು. ನಿಜ ಹೇಳಬೇಕೆಂದರೆ ಮಕ್ಕಳ ಮುಖಕ್ಕೆ ಅದೇ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ವಿಷಯ. ಬಿದ್ದ ಫ್ಲ್ಯಾಶನ್ನು ನಾನೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚೋಕೆ ಕೂತಿದ್ದೆ. ರಿಪೇರಿಯವರು ಫೋನಿನಲ್ಲೇ ಗದರಿದರು. "ಪ್ಲಗ್ ಕಿತ್ತಿದ್ದರೂ ಒಳಗೆ ಕೆಪಾಸಿಟರಲ್ಲಿ ನೂರಾರು ವೋಲ್ಟ್ ನಿಂತಿರುತ್ತೆ ಸಾರ್, ಕೈ ಹಾಕ್ಬೇಡಿ." ಕೆಪಾಸಿಟರ್ ಅಂದರೆ ಫ್ಲ್ಯಾಶಿಗೆ ಬೇಕಾದ ಕರೆಂಟ್ ಕೂಡಿಟ್ಟುಕೊಳ್ಳುವ ಭಾಗ. ಸ್ಕ್ರೂಡ್ರೈವರ್ ಕೆಳಗಿಟ್ಟೆ. ಫ್ಲ್ಯಾಶನ್ನು ಟವೆಲಿನಲ್ಲಿ ಸುತ್ತಿ ಅವರ ಅಂಗಡಿಗೇ ಕೊಟ್ಟು ಬಂದೆ.